ಕಬಾಬ್ ಚಿಕನ್‌ಗೆ ವ್ಯಾಕ್ಯೂಮ್ ಟಂಬ್ಲರ್ ತಗೊಳೋರಿಗೆ ಸ್ವಲ್ಪ ಮಾತು

ರಾತ್ರಿಯಿಡೀ ಮಸಾಲೆಲಿ ನೆನೆಸೋ ಕೆಲಸನ ಈ ಮಷೀನ್ (ಗಾಳಿ ಎಳೆದು ತೆಗೆದ ಡ್ರಮ್‌ನಲ್ಲಿ ಮಾಂಸ, ಮಸಾಲೆ ಒಟ್ಟಿಗೆ ತಿರುಗಿಸೋದು) ಅರ್ಧ ಗಂಟೆಗೆ ಇಳಿಸತ್ತೆ, ಆದ್ರೆ ಸೈಜ್ ನೋಡ್ಕೊಂಡು ತಗೊಳ್ಳಿ, 20 ಲೀಟರ್ ಡ್ರಮ್ ಅಂದ್ರೆ 20 ಕೆಜಿ ಹಿಡಿಯತ್ತೆ ಅಂತ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ ತುಂಬಿಸ್ಬೇಕು, ಪೀಸ್‌ಗಳು ಎದ್ದು ಬೀಳೋಕೆ ಜಾಗ ಬೇಕಲ್ವಾ. ಬಾಡಿ 304 ಸ್ಟೀಲ್ (ಸುಲಭಕ್ಕೆ ತುಕ್ಕು ಹಿಡಿಯದ, ಅಡುಗೆ ಸಾಮಾನಿಗೆ ಬಳಸೋ ಸ್ಟೀಲ್) ಇರ್ಲಿ. ಸ್ಪೀಡ್ ಕಮ್ಮಿ ಮಾಡೋಕೆ ಆಗದೇ ಇರೋ ಮಷೀನ್ ಬೇಡ್ವೇ ಬೇಡ.

ಚಿಕನ್ 4 ಡಿಗ್ರಿ ಒಳಗೆ ತಣ್ಣಗಿರ್ಬೇಕು, ತಿರುಗ್ತಾ ತಿರುಗ್ತಾ ಬಿಸಿ ಆಗತ್ತೆ, ಅದಕ್ಕೇ ಮಸಾಲೆನೂ ಫ್ರಿಡ್ಜಲ್ಲಿಟ್ಟು ಹಾಕಿ. ಮಸಾಲೆ ನೀರು ಮಾಂಸದ ತೂಕದ 10ರಿಂದ 15 ಪರ್ಸೆಂಟ್ ಸಾಕು. ಉಪ್ಪು ಮರೀಬೇಡಿ, ಉಪ್ಪೇ ಮಾಂಸದ ಪ್ರೋಟೀನ್ ಬಿಡಿಸಿ ಮಸಾಲೆ ಹಿಡಿಯೋ ಅಂಟು ತರೋದು, ಬರೀ ವ್ಯಾಕ್ಯೂಮ್‌ನಿಂದ ಏನೂ ಆಗಲ್ಲ.

ಬೆಂಗಳೂರಲ್ಲಿ ವ್ಯಾಕ್ಯೂಮ್ ಗೇಜ್ (ಎಷ್ಟು ಗಾಳಿ ಎಳೆದಿದೆ ಅಂತ ಪಾದರಸದ ಇಂಚಲ್ಲಿ ತೋರಿಸೋ ಮೀಟರ್) 27 ಇಂಚು ದಾಟಲ್ಲ, ಊರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ಒತ್ತಡನೇ ಕಮ್ಮಿ, ಮಷೀನ್ ಕೆಟ್ಟಿದೆ ಅಂತ ನನ್ನ ಥರ ಮೆಕ್ಯಾನಿಕ್‌ನ ಕರೆಸ್ಬೇಡಿ 😅 22-25 ಬಂದ್ರೆ ಧಾರಾಳ.

ಬೋನ್‌ಲೆಸ್‌ಗೆ ನಿಮಿಷಕ್ಕೆ 8 ಸುತ್ತು, 20-25 ನಿಮಿಷ. ಮೂಳೆ ಇದ್ರೆ ಇನ್ನೂ ನಿಧಾನ, ಇಲ್ಲಾಂದ್ರೆ ಚರ್ಮ ಹರಿದು ಮೂಳೆ ಬಿಡತ್ತೆ. ಮೀನು ಹಾಕ್ಬೇಡಿ ಮಾರಾಯ್ರೆ, ಚಟ್ನಿ ಆಗತ್ತೆ.

ಮುಚ್ಚಳ ತೆಗೆಯೋಕೆ ಮುಂಚೆ ವಾಲ್ವ್ ಬಿಟ್ಟು ಗಾಳಿ ಒಳಗೆ ಬಿಡಿ. ಗ್ಯಾಸ್ಕೆಟ್‌ನ (ಮುಚ್ಚಳದ ರಬ್ಬರ್ ರಿಂಗ್) ದಿನಾ ಬಿಚ್ಚಿ ತೊಳೀರಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಅಲ್ಲೇ ಸೇರ್ಕೊಂಡು ನಾರೋದು.