ಅಡಿಕೆ ಪಟ್ಟಿಯ ಲೆಕ್ಕ ಒಂದೇ ಕಡೆ ಇರಲಿ: ಪಿಎಚ್‌ಪಿಯಲ್ಲಿ ಫಂಕ್ಷನ್ ಬರೆಯುವುದು ಹೀಗೆ

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ಬಿಲ್ ಮಾಡುವ ಪುಟಗಳನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಗೋಣಿಚೀಲದ ತೂಕ ಕಳೆದು ಹಣ ಹಾಕುವ ಲೆಕ್ಕ ನಾಲ್ಕು ಪುಟಗಳಲ್ಲಿ ಬೇಕಿತ್ತು. ನಾಲ್ಕೂ ಕಡೆ ಕಾಪಿ ಮಾಡಿದ್ದೆ. ಮುಂದೆ ಚೀಲಕ್ಕೆ ಕಳೆಯುವ ತೂಕ ಬದಲಾಯಿತು. ಮೂರು ಕಡೆ ತಿದ್ದಿದೆ, ಒಂದು ಉಳಿದುಹೋಯಿತು. ರಾಶಿ ಅಡಿಕೆ ತಂದಿದ್ದ ಹಿರಿಯರೊಬ್ಬರು ಎರಡು ಪಟ್ಟಿ (ಬಿಲ್) ಅಕ್ಕಪಕ್ಕ ಹಿಡಿದು, "ತಮಾ, ಲೆಕ್ಕ ತಪ್ಪಿದ್ದು, ನೋಡು" ಎಂದರು. ವರ್ಷದ ಬೆಳೆಯ ಹಣ ಅದು. ಅವತ್ತೇ ರಾತ್ರಿ ಕೂತು ಲೆಕ್ಕವನ್ನೆಲ್ಲ ಒಂದು ಫಂಕ್ಷನ್‌ಗೆ, ಅಂದರೆ ಒಮ್ಮೆ ಬರೆದು ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಣುಕಿಗೆ, ತಂದೆ.

ಮೊದಲು, ಲೆಕ್ಕಕ್ಕೆ ಏನೇನು ಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಇಲ್ಲಿ ಮೂರು: ಒಟ್ಟು ತೂಕ, ಎಷ್ಟು ಚೀಲ, ಕ್ವಿಂಟಲ್ ದರ. ಇವೇ ಫಂಕ್ಷನ್‌ನ ಆವರಣದೊಳಗೆ ಹೋಗುವುದು.

ಫಂಕ್ಷನ್ ಹಣ($ತೂಕ, $ಚೀಲ, $ದರ, $ಕಳೆ = 1) {
  $ನಿವ್ವಳ = $ತೂಕ - $ಚೀಲ * $ಕಳೆ;
  ರಿಟರ್ನ್ $ನಿವ್ವಳ * $ದರ / 100;
}

ಟೈಪ್ ಮಾಡುವಾಗ ಫಂಕ್ಷನ್ (function), ರಿಟರ್ನ್ (return), ಪುಟದ ಮೇಲೆ ತೋರಿಸುವ ಎಕೋ (echo) ಎಂಬ ಪದಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಹೆಸರುಗಳನ್ನು ಮಾತ್ರ ಕನ್ನಡದಲ್ಲಿ ಇಟ್ಟರೂ ಪಿಎಚ್‌ಪಿ ಒಪ್ಪುತ್ತದೆ. ಕೊನೆಯ $ಕಳೆ ನೋಡಿ. ಚೀಲಕ್ಕೆ 1 ಕೆಜಿ ಕಳೆಯುವುದು ಎಂದು ಮೊದಲೇ ಹೇಳಿಟ್ಟಿದ್ದೇವೆ. ಕರೆಯುವಾಗ ಏನೂ ಕೊಡದಿದ್ದರೆ ಅದೇ ನಡೆಯುತ್ತದೆ. ಇಂಥವು ಯಾವಾಗಲೂ ಕೊನೆಗಿರಲಿ.

ಬರೆದಿಟ್ಟ ಮಾತ್ರಕ್ಕೆ ಫಂಕ್ಷನ್ ಓಡುವುದಿಲ್ಲ, ಹೆಸರು ಹಿಡಿದು ಕರೆಯಬೇಕು:

ಎಕೋ ಹಣ(262, 4, 45000);

262ರಲ್ಲಿ 4 ಹೋಗಿ 258 ಕೆಜಿ. ಉತ್ತರ 116100. ಸಂಖ್ಯೆಗಳು ಹಿಂದುಮುಂದಾದರೆ ಪಿಎಚ್‌ಪಿ ತಕರಾರು ಮಾಡುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತದೆ. 2020ರಲ್ಲಿ ಬಂದ 8.0 ಆವೃತ್ತಿಯಿಂದ ಹಣ(ತೂಕ: 262, ಚೀಲ: 4, ದರ: 45000) ಎಂದು ಹೆಸರು ಹೇಳಿಯೇ ಕೊಡಬಹುದು. ಹಣದ ಲೆಕ್ಕಕ್ಕೆ ನಾನು ಹೀಗೇ ಬರೆಯುತ್ತೇನೆ.

ಹೊಸಬರು ಜಾಸ್ತಿ ಎಡವುವುದು ರಿಟರ್ನ್ ಮತ್ತು ಎಕೋ ನಡುವೆ. ಫಂಕ್ಷನ್ ಒಳಗೇ ಎಕೋ ಹಾಕಿದರೆ ಮೊತ್ತ ಪುಟದ ಮೇಲೆ ಕಾಣುತ್ತದೆ, ಕೆಲಸ ಆಯಿತು ಅನ್ನಿಸುತ್ತದೆ. ಆದರೆ ರಾಶಿ ಅಡಿಕೆಯ ಹಣಕ್ಕೆ ಚಾಲಿ ಅಡಿಕೆಯ ಹಣ ಕೂಡಿಸಬೇಕು, ಅಲ್ವಾ? ಆಗ ಕೈಯಲ್ಲಿ ಏನೂ ಇರುವುದಿಲ್ಲ. ಲೆಕ್ಕ ಮಾಡುವ ಫಂಕ್ಷನ್ ಉತ್ತರವನ್ನು ರಿಟರ್ನ್‌ನಿಂದ ವಾಪಸ್ ಕೊಡಲಿ. ತೋರಿಸುವ ಕೆಲಸ ಪುಟದ್ದು.

ಇನ್ನೊಂದು ವಿಷಯ. ಹೊರಗೆ $ದರ ಎಂದು ಬರೆದಿದ್ದು ಫಂಕ್ಷನ್ ಒಳಗೆ ತಾನಾಗಿ ಕಾಣುವುದಿಲ್ಲ. ಫಂಕ್ಷನ್ ಬರೆಯುವಾಗ ಆವರಣದಲ್ಲಿ ಹೆಸರಿಸದೆ ಒಳಗೆ ಬಳಸಿದರೆ ಎಚ್ಚರಿಕೆ ಬರುತ್ತದೆ, ಗುಣಾಕಾರ ಸೊನ್ನೆಯಾಗುತ್ತದೆ. ಎಚ್ಚರಿಕೆಗಳನ್ನು ಮುಚ್ಚಿಟ್ಟ ಸರ್ವರ್‌ನಲ್ಲಿ ಪಟ್ಟಿಯ ಮೇಲೆ ಬರೀ ಸೊನ್ನೆ ಕಾಣುತ್ತದೆ. ಬೇಕಾದ್ದನ್ನೆಲ್ಲ ಆವರಣದಲ್ಲೇ ಕೊಡಿ.

ಕೊನೆಗೆ ಈ ಫಂಕ್ಷನ್ ಅನ್ನು ಬೇರೆ ಫೈಲಿನಲ್ಲಿಟ್ಟು, ನಾಲ್ಕೂ ಪುಟಗಳ ಮೇಲ್ಭಾಗದಲ್ಲಿ ರಿಕ್ವೈರ್_ಒನ್ಸ್ (require_once) ಬಳಸಿ ಸೇರಿಸಿ. ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದರೆ ಪಿಎಚ್‌ಪಿ ಅಲ್ಲೇ ನಿಲ್ಲುತ್ತದೆ, ಅದಕ್ಕೇ ಈ 'ಒನ್ಸ್'. ಆಮೇಲೆ ಮಂಡಿಯ ಹಳೇ ಪಟ್ಟಿಗಳಲ್ಲಿ ಹತ್ತನ್ನು ಎತ್ತಿಕೊಂಡು ಒಂದೊಂದನ್ನೂ ಹಾಕಿ ನೋಡಿ. ಪೈಸೆ ಸಮೇತ ತಾಳೆಯಾದ ಮೇಲೆಯೇ ಕೌಂಟರಿಗೆ ಕೊಡಿ.