ಮೊಳೆಗೆ ನೇತಾಡುತ್ತಲೇ ಖಾಲಿಯಾಗುವ ಸೆಲ್: ಎದೆಪಟ್ಟಿಯ ಬ್ಯಾಟರಿ ಉಳಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನನ್ನ ಹೃದಯ ಬಡಿತ ಅಳೆಯುವ ಎದೆಪಟ್ಟಿ ನಾಲ್ಕು ಬಟನ್ ಸೆಲ್ ನುಂಗಿತು. ಅದಕ್ಕೂ ಮೊದಲು ಬೇಸಿಗೆಯುದ್ದಕ್ಕೂ ಒಂದೇ ಸೆಲ್ ಸಾಕಾಗಿತ್ತು. ಓಟ ಜಾಸ್ತಿಯಾಗಿತ್ತೇ ಎಂದರೆ ಅದೂ ಇಲ್ಲ. ಮಂಗಳೂರಿನ ಜುಲೈನಲ್ಲಿ ವಾರಕ್ಕೆ ಮೂರು ದಿನ ಓಡಲು ಹೊರಬಿದ್ದರೆ ಅದೇ ದೊಡ್ಡದು. ಕಂಪನಿಗೆ ಬರೆದೆ, ‘ಗುಣಮಟ್ಟದ ಬ್ಯಾಟರಿ ಬಳಸಿ’ ಎಂದು ಒಂದು ಸಾಲಿನ ಉತ್ತರ ಬಂತು. ಅಂಗಡಿಯವನು ‘ಹಳೇದು ಡೂಪ್ಲಿಕೇಟ್ ಇರ್ಬೇಕು ಸಾರ್’ ಎನ್ನುತ್ತಾ ದುಬಾರಿಯದ್ದೊಂದನ್ನು ಕೈಗಿಟ್ಟ. ಅದೂ ಹದಿನೆಂಟನೇ ದಿನಕ್ಕೆ ಮಲಗಿತು.

ಒಂದು ರಾತ್ರಿ ಇಯರ್‌ಫೋನ್ ಜೋಡಿಸಲೆಂದು ಮೊಬೈಲಿನ ಬ್ಲೂಟೂತ್ ತೆರೆದಾಗ ವಿಷಯ ಬಯಲಾಯಿತು. ಪಟ್ಟಿಯ ಹೆಸರು ಅಲ್ಲಿ ರಾಜಾರೋಷವಾಗಿ ಕಾಣುತ್ತಿತ್ತು. ಬೆಳಗ್ಗೆ ಏಳಕ್ಕೆ ಓಟ ಮುಗಿಸಿ, ಬಚ್ಚಲುಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಪಟ್ಟಿ ಅದು. ರಾತ್ರಿ ಹತ್ತಾದರೂ ಮಲಗಿಲ್ಲ! ಆ್ಯಪ್ ತೆರೆದು ನೋಡಿದೆ. ಬಾಗಿಲಿನ ನಾಡಿಬಡಿತ ಒಮ್ಮೆ 0, ಒಮ್ಮೆ 187.

ಈ ಪಟ್ಟಿಗಳಿಗೆ ಸಾಮಾನ್ಯವಾಗಿ ಆನ್-ಆಫ್ ಸ್ವಿಚ್ ಇರುವುದಿಲ್ಲ. ಪಟ್ಟಿಯ ಒಳಮೈಯಲ್ಲಿ ವಿದ್ಯುತ್ ಹರಿಯಬಲ್ಲ ಎರಡು ತುಂಡುಗಳಿರುತ್ತವೆ. ಅವು ಒದ್ದೆ ಚರ್ಮಕ್ಕೆ ತಾಗಿ ನಡುವೆ ದಾರಿಯಾದಾಗ ಪಾಡ್ (ಪಟ್ಟಿಯ ಮೇಲೆ ಕೂರುವ, ಸೆಲ್ ಇರುವ ಪುಟ್ಟ ಡಬ್ಬಿ) ‘ಯಾರೋ ಕಟ್ಟಿಕೊಂಡರು’ ಎಂದು ಎಚ್ಚರಗೊಳ್ಳುತ್ತದೆ. ದಾರಿ ಕಡಿದ ಸ್ವಲ್ಪ ಹೊತ್ತಿಗೆ ನಿದ್ದೆಗೆ ಜಾರುತ್ತದೆ. ಆದರೆ ಪಟ್ಟಿಯೇ ಬೆವರಲ್ಲಿ ತೊಯ್ದಿದ್ದರೆ ಪಾಡ್‌ಗೆ ಮನುಷ್ಯನ ಎದೆಗೂ ಒದ್ದೆ ಬಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಎಚ್ಚರವಾಗಿಯೇ ಇರುತ್ತದೆ, ಸಿಗ್ನಲ್ ಕಳಿಸುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಬಹಳ ಮಂದಿ ಬಳಸುವ ಪೋಲಾರ್ ಎಚ್10 ಪಟ್ಟಿಗೆ ಕಂಪನಿ ಹೇಳುವ ಬ್ಯಾಟರಿ ಬಾಳಿಕೆ 400 ಗಂಟೆ. ದಿನಕ್ಕೆ ಒಂದು ಗಂಟೆ ಓಡುವವರಿಗೆ ಒಂದು ವರ್ಷ ದಾಟಿಯೂ ಉಳಿಯಬೇಕು. ಅದೇ 400 ಗಂಟೆಯನ್ನು 24ರಿಂದ ಭಾಗಿಸಿ: ಹದಿನೇಳು ದಿನವೂ ತುಂಬುವುದಿಲ್ಲ. ನನ್ನದು ಬೇರೆ ಕಂಪನಿಯ ಪಟ್ಟಿ, ಆದರೂ ಹದಿನೆಂಟು ದಿನದ ರಹಸ್ಯ ಅಲ್ಲೇ ಇತ್ತು. ನಿಮ್ಮ ಸೆಲ್ ಎರಡು-ಮೂರು ವಾರಕ್ಕೇ ಸಾಯುತ್ತಿದ್ದರೆ, ನೀವು ಓಡದೆ ಇರುವ ಹೊತ್ತಿನ ಮೇಲೆ ಮೊದಲು ಅನುಮಾನ ಪಡಿ.

ಹೆಜ್ಜೆ 1: ಎಚ್ಚರವಿದೆಯೇ ನೋಡಿ

ಓಟ ಮುಗಿಸಿ ಪಟ್ಟಿ ಬಿಚ್ಚಿ, ಯಾವತ್ತೂ ಇಡುವ ಜಾಗದಲ್ಲೇ ಇಡಿ. ವಾಚ್ ಮತ್ತು ಓಟದ ಆ್ಯಪ್ ಎರಡನ್ನೂ ಪಟ್ಟಿಯಿಂದ ಬೇರ್ಪಡಿಸಿ. ಈಗಾಗಲೇ ಜೋಡಣೆಯಾಗಿದ್ದರೆ ಕೆಲವು ಪಟ್ಟಿಗಳು ಬೇರೆಯವರ ಹುಡುಕಾಟಕ್ಕೆ ಸಿಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಮೊಬೈಲಿನಲ್ಲಿ ಬ್ಲೂಟೂತ್ ಸಾಧನ ಹುಡುಕಿ. ಪಟ್ಟಿಯ ಹೆಸರು ಬಂದರೆ ಅದು ಎಚ್ಚರವಿದೆ ಎಂದರ್ಥ. ಬರದಿದ್ದರೆ ನೇರ ನಾಲ್ಕನೇ ಹೆಜ್ಜೆಗೆ ಹೋಗಬಹುದು.

ಹೆಜ್ಜೆ 2: ಪಾಡ್ ಕಳಚಿ

ಎಲ್ಲದಕ್ಕಿಂತ ಮುಖ್ಯವಾದದ್ದು ಇದು, ಐದು ಸೆಕೆಂಡಿನ ಕೆಲಸ. ರವಿಕೆಗೆ ಹಾಕುವ ಟಿಚ್ ಬಟನ್ ಥರದ ಎರಡು ಗುಂಡಿಗಳಿಂದ ಪಾಡ್ ಪಟ್ಟಿಗೆ ಅಂಟಿಕೊಂಡಿರುತ್ತದೆ. ಎರಡನ್ನೂ ಬಿಡಿಸಿ. ಪಾಡ್ ಹಿಡಿದು ಜಗ್ಗಬೇಡಿ, ಗುಂಡಿಯ ಬುಡದಲ್ಲಿ ಬೆರಳಿಟ್ಟು ಒಂದೊಂದಾಗಿ ಎಬ್ಬಿಸಿ. ಇಲ್ಲದಿದ್ದರೆ ಗುಂಡಿಯ ಸುತ್ತಲಿನ ಬಟ್ಟೆ ಬೇಗ ಹರಿಯುತ್ತದೆ. ಪಾಡ್‌ನ ಹಿಂಬದಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಎರಡು ಲೋಹದ ಗುಂಡಿಗಳ ನಡುವೆ ಬೆವರಿನ ತೆಳು ಪದರ ಉಳಿದರೆ ಪಟ್ಟಿಯಿಲ್ಲದೆಯೂ ಪಾಡ್ ಮೋಸ ಹೋಗಬಹುದು.

ಹೆಜ್ಜೆ 3: ಉಪ್ಪು ತೊಳೆಯಿರಿ

‘ಪಟ್ಟಿ ಒಣಗಿದೆಯಲ್ಲಾ’ ಎಂದು ನಾನೂ ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಏನಾಗುತ್ತದೆ ನೆನಪಿಸಿಕೊಳ್ಳಿ. ಮುಚ್ಚಳ ಹಾಕಿದ್ದರೂ ಉಪ್ಪು ನೀರೊಡೆಯುತ್ತದೆ, ಚಮಚಕ್ಕೆ ಮೆತ್ತಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 75ರಷ್ಟನ್ನು ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಆ ಮಟ್ಟಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಬೆವರಿನ ಉಪ್ಪು ಕೂತ ಪಟ್ಟಿ ಬೆಳಗ್ಗೆ ಒಣಗಿದಂತೆ ಕಂಡರೂ ಸಂಜೆಗೆ ಮತ್ತೆ ತಾನಾಗಿ ಒದ್ದೆಯಾಗುತ್ತದೆ, ಅದೂ ಉಪ್ಪುನೀರಿನಿಂದ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಬೇಸಿಗೆಯಲ್ಲಿ ಇಲ್ಲದ ತೊಂದರೆ ಮಳೆಗಾಲದಲ್ಲಿ ಬಂದದ್ದು ಹೀಗೆ.

ಆದ್ದರಿಂದ ಪ್ರತಿ ಓಟದ ನಂತರ ಪಟ್ಟಿಯನ್ನು ನಲ್ಲಿಯ ಕೆಳಗೆ ಹಿಡಿದು ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ವಾರಕ್ಕೊಮ್ಮೆ ಒಂದು ಹನಿ ಸೌಮ್ಯ ಸೋಪು ಸಾಕು, ಆದರೆ ಸೋಪು ಪೂರ್ತಿ ಹೋಗಬೇಕು. ಬ್ಲೀಚ್, ಬಟ್ಟೆ ಮೆದುಮಾಡುವ ದ್ರವ, ಇಸ್ತ್ರಿ ಮೂರೂ ಬೇಡ. ಹಿಂಡಬೇಡಿ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಚಪ್ಪಟೆಯಾಗಿ ಹರಡಿ. ಬಚ್ಚಲುಮನೆ ಮಾತ್ರ ಬೇಡವೇ ಬೇಡ. ಜಿಮ್ ಬ್ಯಾಗಿನೊಳಗೆ ಮುದುಡಿ ತುರುಕುವುದು ಅದಕ್ಕಿಂತ ಕೆಟ್ಟದ್ದು.

ಹೆಜ್ಜೆ 4: ಸರಿಯಾದ ಸೆಲ್, ಸರಿಯಾಗಿ

ಸೆಲ್ ಮೇಲಿನ ಸಂಖ್ಯೆಯೇ ಅದರ ಅಳತೆ. ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ 2.5 ಮಿ.ಮೀ. ಎರಡೂ 3 ವೋಲ್ಟಿನವು. 2025 ಬೇಡುವ ಪಾಡ್‌ಗೆ ‘ದಪ್ಪದ್ದು ಜಾಸ್ತಿ ದಿನ ಬರುತ್ತೆ’ ಎಂದು 2032 ತುರುಕಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಬೆವರು ಒಳಗಿಳಿಯುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎಲ್‌ಐಆರ್2032 ನೋಡಲು ಅವಳಿಯಂತಿದ್ದರೂ ತುಂಬಿದಾಗ 4.2 ವೋಲ್ಟ್ ಕೊಡುತ್ತದೆ. 3 ವೋಲ್ಟಿನ ಪಾಡ್ ಸುಟ್ಟುಹೋದೀತು, ದೂರವಿಡಿ.

ಇನ್ನೊಂದು ಹೊಸ ತಕರಾರು ಕಹಿ ಲೇಪನ. ಮಕ್ಕಳು ಬಾಯಿಗೆ ಹಾಕಿದರೆ ಉಗುಳಲಿ ಎಂದು ಕೆಲವು ಸೆಲ್‌ಗಳಿಗೆ ಕಹಿ ಪದಾರ್ಥ ಬಳಿದಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಪಾಡ್‌ನ ಸ್ಪ್ರಿಂಗ್ ತಾಗುವ ಜಾಗದಲ್ಲಿ ಆ ಲೇಪನ ಬಂದರೆ ಕೆಲವು ಸಾಧನಗಳು ಹೊಸ ಸೆಲ್ಲನ್ನೂ ‘ಸತ್ತಿದೆ’ ಎನ್ನುತ್ತವೆ. ಬೆಲೆ ಕೊಟ್ಟು ತಂದದ್ದನ್ನು ಎಸೆಯುವ ಮೊದಲು ಲೇಪನವಿಲ್ಲದ್ದನ್ನು ಹಾಕಿ ನೋಡಿ.

ಹಳೆಯ ಸೆಲ್ ತೆಗೆದ ಮೇಲೆ ಅರ್ಧ ನಿಮಿಷ ಕಾಯಿರಿ. ಪಾಡ್‌ನಲ್ಲಿ ಉಳಿದ ಚೂರುಪಾರು ವಿದ್ಯುತ್ ಖಾಲಿಯಾಗಿ, ಅದು ಹೊಸದಾಗಿ ಶುರುವಾಗಲಿ. ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ಲೋಹದ ಚಿಮಟ ಬೇಡ, ಎರಡೂ ಮುಖಕ್ಕೆ ತಾಗಿ ಶಾರ್ಟ್ ಆಗುತ್ತದೆ. ಮುಚ್ಚಳದ ಸುತ್ತಲಿನ ಕಪ್ಪು ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆ, ಮರಳಿನ ಕಣ, ಸೀಳು ಯಾವುದಿದ್ದರೂ ಬೆವರಿಗೆ ಅದೇ ಬಾಗಿಲು. ನಾನು ಹಿಂದೊಮ್ಮೆ ಬಳೆಯನ್ನು ತಿರುಚಿ ಕೂರಿಸಿದ್ದೆ. ಮುಂದಿನ ಸಲ ತೆಗೆದಾಗ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು.

ಸೆಲ್ ಹಾಕಿದ ತಾರೀಕನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಆ್ಯಪ್ ತೋರಿಸುವ ಶೇಕಡಾವಾರು ಲೆಕ್ಕಕ್ಕಿಂತ ಅದು ನಂಬಿಕಸ್ಥ. ಏಕೆಂದರೆ ಲಿಥಿಯಂ ಬಟನ್ ಸೆಲ್ಲಿನ ವೋಲ್ಟೇಜ್ ಬಹುಪಾಲು ಆಯುಷ್ಯ ಒಂದೇ ಸಮ ಇದ್ದು ಕೊನೆಯಲ್ಲಿ ಬಂಡೆಯಿಂದ ಉರುಳಿದಂತೆ ಬೀಳುತ್ತದೆ. ಮಲ್ಟಿಮೀಟರಿನಲ್ಲೂ ಇದೇ ಕಥೆ: ಹೊಸದು ಸುಮಾರು 3.2 ವೋಲ್ಟ್ ತೋರಿಸಿದರೆ, ಸಾಯಲು ಬಿದ್ದದ್ದು ಕೂಡ ಸುಮ್ಮನಿದ್ದಾಗ 2.9 ತೋರಿಸೀತು. ಪಾಡ್ ಸಿಗ್ನಲ್ ಕಳಿಸುವ ಕ್ಷಣದ ಹೊರೆ ಬಿದ್ದಾಗಲೇ ಅದು ಕುಸಿಯುವುದು.

ಹೆಜ್ಜೆ 5: ಆಗಲೂ ನಿಲ್ಲದಿದ್ದರೆ

ಹೊಸ ಸೆಲ್ ಹಾಕಿ, ಪಾಡ್ ಒರೆಸಿ, ಪಟ್ಟಿಯಿಂದ ಬೇರೆಯಾಗಿ ಒಣ ಡಬ್ಬಿಯಲ್ಲಿ ಮೂರು ವಾರ ಮುಟ್ಟದೆ ಇಡಿ. ಆಗಲೂ ಸೆಲ್ ಸತ್ತರೆ ಪಾಡ್ ಒಳಗೇ ಸೋರಿಕೆಯಿದೆ: ತೇವ ಹೊಕ್ಕಿದೆ, ಇಲ್ಲವೇ ಯಾವುದೋ ಬಿಡಿಭಾಗ ಕೆಟ್ಟಿದೆ. ರಿಪೇರಿಯ ಆಸೆ ಬಿಡಿ. ವಾರಂಟಿ ಇದ್ದರೆ ಈ ಪರೀಕ್ಷೆಯ ತಾರೀಕುಗಳ ಸಮೇತ ದೂರು ಕೊಡಿ, ಒಂದು ಸಾಲಿನ ಉತ್ತರ ಕೊಡುವುದು ಅವರಿಗೂ ಕಷ್ಟವಾಗುತ್ತದೆ. ಸೆಲ್ ಬದುಕಿದ್ದರೆ ಪಾಡ್ ನಿರಪರಾಧಿ, ಪಟ್ಟಿ ಬದಲಿಸಿ. ಹೆಚ್ಚಿನ ಕಂಪನಿಗಳು ಪಟ್ಟಿಯನ್ನಷ್ಟೇ ಬೇರೆಯಾಗಿ ಮಾರುತ್ತವೆ.

ವಾಚಿನವರಿಗೆ ಎರಡು ಮಾತು

ಕೈಗೆ ಕಟ್ಟುವ ವಾಚಿನ ಸಮಸ್ಯೆಯೇ ಬೇರೆ. ಅದು ಎದೆಪಟ್ಟಿಯಂತೆ ಹೃದಯದ ವಿದ್ಯುತ್ ಸಂಕೇತದಿಂದಲ್ಲ, ಬೆಳಕಿನಿಂದ ಅಳೆಯುತ್ತದೆ. ಹಸಿರು ಎಲ್‌ಇಡಿ ಚರ್ಮದ ಮೇಲೆ ಮಿನುಗಿ, ರಕ್ತದ ಏರಿಳಿತವನ್ನು ಓದುತ್ತದೆ. ಬೆಳಕಿಗೆ ಬೇಕಾಗುವ ವಿದ್ಯುತ್ ಎದೆಪಟ್ಟಿಯ ಲೆಕ್ಕಕ್ಕಿಂತ ಬಹಳ ಹೆಚ್ಚು. ಚಾರ್ಜ್ ಬೇಗ ಖಾಲಿಯಾಗುತ್ತಿದ್ದರೆ ಮೊದಲು ರಾತ್ರಿಯ ರಕ್ತದ ಆಮ್ಲಜನಕ ಮಾಪನ, ನಂತರ ಸದಾ ಉರಿಯುವ ಪರದೆ, ಈ ಕ್ರಮದಲ್ಲಿ ಆಫ್ ಮಾಡುತ್ತಾ ಬನ್ನಿ. ಒಂದು ದಿನಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದು ತಿನ್ನುತ್ತಿತ್ತೆಂದು ತಿಳಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ವಾಚ್ ಬಿಟ್ಟು ಓಡಲು ಹೋಗಬೇಡಿ. ಚಾರ್ಜ್ ಆಗುವ ಬ್ಯಾಟರಿಯನ್ನು ಬಿಸಿಲು ಬೇಗ ಮುದಿ ಮಾಡುತ್ತದೆ.

ಸತ್ತ ಸೆಲ್

ಖಾಲಿಯಾದ ಸೆಲ್ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಬೇಡಿ. ಪಾಡ್ ನಡೆಸಲು ಸಾಲದ ಸೆಲ್ಲಿನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 20 ಮಿ.ಮೀ.ನ ಬಿಲ್ಲೆ ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಬೀಳುವ ಗಾತ್ರದ್ದು, ಎರಡೇ ಗಂಟೆಯಲ್ಲಿ ಗಾಯ ಗಂಭೀರವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ತೆಗೆದ ಕೂಡಲೇ ಎರಡೂ ಮುಖಕ್ಕೆ ಸೆಲೋಟೇಪ್ ಸುತ್ತಿ, ಕೈಗೆಟುಕದ ಡಬ್ಬಿಗೆ ಹಾಕಿ, ಇ-ತ್ಯಾಜ್ಯದವರಿಗೆ ಕೊಡಿ. ನಮ್ಮ ಮನೆಯಲ್ಲಿ ಆ ಡಬ್ಬಿ ಅಟ್ಟದ ಮೇಲಿದೆ. ಕಳೆದ ಮಳೆಗಾಲದ ನಾಲ್ಕೂ ಅದರಲ್ಲೇ ಇವೆ.