ಆಂಟಿಬಾಡಿ ಪರೀಕ್ಷೆಗೆ ಮೊದಲು ಇಂಜೆಕ್ಷನ್ ತಾರೀಖು ಕೇಳಿ

ಬಿ12 ಕಡಿಮೆ, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 115, ಸ್ಮಿಯರಿನಲ್ಲಿ (ಗಾಜಿನ ಮೇಲೆ ಸವರಿದ ರಕ್ತದಲ್ಲಿ) ಆರು ಹಾಲೆಯ ಕೋಶಕೇಂದ್ರವಿರುವ ಬಿಳಿರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು. ಪರ್ನಿಷಿಯಸ್ ಅನೀಮಿಯಾ (ದೇಹದ ರೋಗನಿರೋಧಕ ಶಕ್ತಿಯೇ ಜಠರದ ಮೇಲೆ ತಿರುಗಿಬಿದ್ದು, ಬಿ12 ಹೀರಿಕೆಯಾಗದೆ ಬರುವ ರಕ್ತಹೀನತೆ) ಇದೆಯೇ ನೋಡಿ ಎಂದು ಇಂಥ ಸ್ಯಾಂಪಲ್ ಬಂದರೆ ನಾನು ಮೊದಲು ಕೇಳುವುದು ಬಿ12 ಇಂಜೆಕ್ಷನ್ ಕೊನೆಗೆ ಯಾವಾಗ ಹಾಕಿಸಿಕೊಂಡಿರಿ ಎಂದು. ಶಕ್ತಿಗೆ, ನರಕ್ಕೆ ಎಂದು ಹಾಕಿಸಿಕೊಂಡವರಿಗೆ ಔಷಧಿಯ ಹೆಸರು ನೆನಪಿರುವುದಿಲ್ಲ. 'ಕೆಂಪು ಬಣ್ಣದ್ದಾ?' ಎಂದರೆ ಥಟ್ಟನೆ ಹೇಳುತ್ತಾರೆ. ಇಂಟ್ರಿನ್ಸಿಕ್ ಫ್ಯಾಕ್ಟರಿಗೆ (ಬಿ12 ಹೀರಿಕೊಳ್ಳಲು ಬೇಕಾದ ಜಠರದ ಪ್ರೋಟೀನಿಗೆ) ಬಿ12 ಅಂಟದಂತೆ ತಡೆಯುವ ಆಂಟಿಬಾಡಿಯನ್ನು ಅಳೆಯುವ ಕಿಟ್‌ಗಳಲ್ಲಿ, ರಕ್ತದಲ್ಲಿ ತುಂಬಿಕೊಂಡ ಬಿ12 ಕೂಡ ಅದೇ ಜಾಗ ಹಿಡಿದು ಸುಳ್ಳು ಪಾಸಿಟಿವ್ ಕೊಡುತ್ತದೆ. ಎರಡು ವಾರ ಬಿಟ್ಟು ರಕ್ತ ತೆಗೆಯುವುದು ಕ್ಷೇಮ. ಆದರೆ ಕಾಲು ಜೋಮು, ನಡಿಗೆಯಲ್ಲಿ ತೂರಾಟ ಇರುವವರಿಗೆ ಪರೀಕ್ಷೆಗೋಸ್ಕರ ಚಿಕಿತ್ಸೆ ತಡಮಾಡಬಾರದು. ಮೊದಲು ರಕ್ತ ತೆಗೆದಿಟ್ಟು, ಆಮೇಲೆ ಸೂಜಿ.

ಎಲೈಸಾಗೆ (ಪ್ಲೇಟಿನ ಬಾವಿಗಳಲ್ಲಿ ಬಣ್ಣ ಬರಿಸಿ ಆಂಟಿಬಾಡಿ ಅಳೆಯುವ ವಿಧಾನಕ್ಕೆ) 10 ಮೈಕ್ರೋಲೀಟರ್ ಸೀರಂ, 990 ಬಫರ್. ಬಾವಿಗೆ 100 ಹಾಕಿ ಅರ್ಧ ಗಂಟೆ. ಸಮಯದ ವಿಷಯದಲ್ಲಿ ಕಿಟ್‌ನ ಹಾಳೆ ಹೇಳಿದ್ದೇ ಅಂತಿಮ. ಕೆಡುವುದು ಹೆಚ್ಚಾಗಿ ತೊಳೆಯುವಾಗ. 300 ಮೈಕ್ರೋಲೀಟರಿನಂತೆ ಮೂರು ಸಲ ತೊಳೆದು, ಪ್ರತಿ ಸಲ ಪ್ಲೇಟನ್ನು ಟಿಶ್ಯೂ ಮೇಲೆ ಕವುಚಿ ಬಡಿಯಬೇಕು. ಕಾಂಜುಗೇಟ್ (ಕಿಣ್ವ ಜೋಡಿಸಿದ ಆಂಟಿಬಾಡಿ) ಉಳಿದರೆ ಟಿಎಂಬಿ (ಬಣ್ಣ ಬರಿಸುವ ದ್ರಾವಣ) ಹಾಕಿದ ಕೂಡಲೇ ಸೀರಂ ಇಲ್ಲದ ಬ್ಲಾಂಕ್ ಬಾವಿಯೂ ನೀಲಿಯಾಗುತ್ತದೆ. ಆ ರನ್ ಎಸೆಯುವುದೇ ಸರಿ. ಟಿಎಂಬಿ ಹಾಕಿದ ಕ್ರಮದಲ್ಲೇ ಸ್ಟಾಪ್ ದ್ರಾವಣ ಹಾಕಿ, ಹಳದಿಗೆ ತಿರುಗಿದ ಮೇಲೆ ಗುಳ್ಳೆ ಒಡೆದು 450 ನ್ಯಾನೋಮೀಟರಿನಲ್ಲಿ ಓದಬೇಕು.

ಪರೈಟಲ್ ಸೆಲ್ (ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಿಸುವ ಜಠರದ ಕೋಶ) ಆಂಟಿಬಾಡಿಯನ್ನು ಇಲಿಯ ಜಠರದ ಸ್ಲೈಡಿನ ಮೇಲೆ ಫ್ಲೋರೊಸೆನ್ಸ್‌ನಲ್ಲಿ ನೋಡುವವರಿಗೆ ಒಂದು ಮಾತು: ಅದೇ ಸ್ಲೈಡಿನಲ್ಲಿ ಮೂತ್ರಪಿಂಡದ ತುಣುಕೂ ಇರಲಿ. ಮೈಟೊಕಾಂಡ್ರಿಯಾ ಆಂಟಿಬಾಡಿ ಇದ್ದರೂ ಪರೈಟಲ್ ಕೋಶಗಳು ಹೊಳೆಯುತ್ತವೆ. ಕಿಡ್ನಿಯ ನಾಳಗಳೂ ಹೊಳೆದರೆ ಪರೈಟಲ್ ಪಾಸಿಟಿವ್ ಎಂದು ಬರೆಯಬೇಡಿ.

ಎರಡೂ ಪರೀಕ್ಷೆಗೆ ಒಂದೇ ತೂಕ ಇಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಪಾಸಿಟಿವ್ ಬಂದರೆ, ಇಂಜೆಕ್ಷನ್ ಗೊಂದಲ ಇಲ್ಲದಿದ್ದರೆ, ರೋಗ ಖಚಿತವಾದಂತೆಯೇ. ನೆಗೆಟಿವ್ ಬಂದರೆ ಏನೂ ಹೇಳುವಂತಿಲ್ಲ. ರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಸಿಗುವುದೇ ಇಲ್ಲ. ಪರೈಟಲ್ ಆಂಟಿಬಾಡಿ ಹೆಚ್ಚಿನವರಲ್ಲಿ ಸಿಗುತ್ತದೆ ನಿಜ, ಥೈರಾಯ್ಡ್ ರೋಗಿಗಳಲ್ಲೂ ವಯಸ್ಸಾದ ಆರೋಗ್ಯವಂತರಲ್ಲೂ ಸಿಗುತ್ತದೆ. ಅದೊಂದನ್ನೇ ನೆಚ್ಚಿ ಜೀವನಪೂರ್ತಿ ಇಂಜೆಕ್ಷನ್ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಯೇ 'ಸಸ್ಯಾಹಾರಿ, ಅದಕ್ಕೇ ಬಿ12 ಕಡಿಮೆ' ಎಂದು ಆಂಟಿಬಾಡಿ ನೋಡದೆ ಬಿಡುವುದೂ ತಪ್ಪು. ಅನುಮಾನ ಉಳಿದರೆ ಗ್ಯಾಸ್ಟ್ರಿನ್ (ಜಠರದ ಹಾರ್ಮೋನು), ಎಂಡೊಸ್ಕೊಪಿ.

ಇನ್ನೊಂದು ಹೊಂಡ: ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಯೇ ಬಿ12 ಅಳೆಯುವ ಯಂತ್ರವನ್ನೂ ಏಮಾರಿಸಬಲ್ಲದು. ಯಂತ್ರದ ರಿಯೇಜೆಂಟಿನಲ್ಲೂ ಇಂಟ್ರಿನ್ಸಿಕ್ ಫ್ಯಾಕ್ಟರ್ ಇರುವುದರಿಂದ ಬಿ12 ನಾರ್ಮಲ್ ಅಥವಾ ಹೆಚ್ಚು ಎಂದು ಬಂದುಬಿಡುತ್ತದೆ. ಸ್ಮಿಯರ್ ಒಂದು ಹೇಳಿ ಅಂಕಿ ಇನ್ನೊಂದು ಹೇಳಿದಾಗ ನಾನು ಡಾಕ್ಟರಿಗೆ ಫೋನ್ ಮಾಡಿ, ಮೀಥೈಲ್‌ಮಲೋನಿಕ್ ಆಸಿಡ್ (ಬಿ12 ಕೊರತೆಯಾದರೆ ರಕ್ತದಲ್ಲಿ ಏರುವ ವಸ್ತು) ಪರೀಕ್ಷೆ ಮಾಡಿಸಿ, ಜೊತೆಗೆ ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ) ಕೂಡ ನೋಡಿ ಎನ್ನುತ್ತೇನೆ. ಕಿಡ್ನಿ ಸೋತಿದ್ದರೂ ಆ ಆಸಿಡ್ ಏರುತ್ತದೆ.